ಅಡಿಕೆ ಚೊಗರಿನಿಂದ ಬಟ್ಟೆಗೆ ಬಣ್ಣ ಮತ್ತು ರಕ್ಷಣೆ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಚೊಗರು ಹೊಸದಲ್ಲ. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ ತೆಗೆದ ಮೇಲೆ ಉಳಿಯುವ ಕೆಂಗಂದು ಬಣ್ಣದ ನೀರೇ ಚೊಗರು. ಮೊದಲ ಸಲ ಬೇಯಿಸಿದಾಗ ಇದು ತೆಳ್ಳಗಿರುತ್ತದೆ. ಅದೇ ನೀರಿನಲ್ಲಿ ಮೂರು ನಾಲ್ಕು ಸಲ ಅಡಿಕೆ ಬೇಯಿಸಿದರೆ ಮಂದವಾಗುತ್ತದೆ. ಇದರಲ್ಲಿ ಒಂದಷ್ಟು ಭಾಗ ಅಡಿಕೆಗೆ ಬಣ್ಣ ಮತ್ತು ಹೊಳಪು ಕೊಡಲು ಉಪಯೋಗವಾಗುತ್ತದೆ. ಉಳಿದದ್ದು ಎಷ್ಟೋ ಕಡೆ ಹಿತ್ತಿಲಿಗೆ, ಚರಂಡಿಗೆ, ಕೊನೆಗೆ ಹಳ್ಳಕ್ಕೆ ಸೇರುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಕೆಂಪಡಿಕೆ ತಯಾರಾಗುವ ಕಡೆಗಳಲ್ಲೆಲ್ಲ ಸುಗ್ಗಿಯಲ್ಲಿ ಈ ದೃಶ್ಯ ಕಾಣಸಿಗುತ್ತದೆ. ಕರಾವಳಿಯ ಚಾಲಿ ಅಡಿಕೆಯನ್ನು ಬೇಯಿಸದೆ ಹಾಗೆಯೇ ಒಣಗಿಸುವುದರಿಂದ ಅಲ್ಲಿ ಚೊಗರು ದೊರೆಯುವುದಿಲ್ಲ.

ಹೀಗೆ ಚೆಲ್ಲಿ ಹೋಗುವ ಚೊಗರು ಬಟ್ಟೆಗೆ ಒಳ್ಳೆಯ ಬಣ್ಣ ಕೊಡುತ್ತದೆ. ಬಣ್ಣದ ಜೊತೆಗೆ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಮತ್ತು ಬೆವರಿನ ವಾಸನೆಗೆ ಕಾರಣವಾಗುವ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ಕುಗ್ಗಿಸುವ ಗುಣವನ್ನೂ ಕೊಡಬಲ್ಲದು. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘವು ಅಡಿಕೆ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿ ಮಾರಾಟ ಮಾಡಬಹುದೆಂದು ತೋರಿಸಿಕೊಟ್ಟಿದೆ. ಆದರೆ ಚೊಗರಿನಲ್ಲಿ ಬಟ್ಟೆ ಅದ್ದಿದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದು ತಿಳಿಯಬಾರದು. ಬಣ್ಣ ಹಿಡಿಸುವುದು ಸುಲಭ, ಹಿಡಿದ ಬಣ್ಣವನ್ನು ನಿಲ್ಲಿಸುವುದೇ ಮುಖ್ಯ. ಎರಡು ಒಗೆತಕ್ಕೆ ಬಿಟ್ಟುಹೋಗುವ ಬಣ್ಣದ ಜೊತೆಗೆ ರಕ್ಷಣೆಯ ಗುಣವೂ ಬಿಟ್ಟುಹೋಗುತ್ತದೆ, ಕೊಂಡವರ ನಂಬಿಕೆಯೂ ಹೋಗುತ್ತದೆ.

ಚೊಗರಿನಲ್ಲಿ ಇರುವುದೇನು?

ಚೊಗರು ಎಂಬ ಮಾತಿಗೆ ಒಗರು ರುಚಿ ಎಂಬ ಅರ್ಥವೂ ಇದೆ. ಎಳೆ ಅಡಿಕೆಯನ್ನು ಅಗಿದಾಗ ನಾಲಿಗೆ ಹಿಡಿದಂತಾಗುವುದಕ್ಕೆ ಟ್ಯಾನಿನ್ ಎಂಬ ವಸ್ತು ಕಾರಣ. ಇದು ಬಾಯಿಯ ಜೊಲ್ಲಿನಲ್ಲಿರುವ ಸಸಾರಜನಕದೊಡನೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ತೊಗಟೆಯ ರಸದಿಂದ ಹಸಿ ಚರ್ಮ ಹದವಾಗುವುದೂ ಇದೇ ಗುಣದಿಂದ. ನೈಲಾನ್ ಬರುವ ಮೊದಲು ಮೀನುಗಾರರು ಹತ್ತಿ ನೂಲಿನ ಬಲೆಗಳನ್ನು ತೊಗಟೆಯ ರಸದಲ್ಲಿ ಅದ್ದಿ ಒಣಗಿಸುತ್ತಿದ್ದರು. ನೀರಿನಲ್ಲಿ ನೂಲು ಬೇಗ ಕೊಳೆಯದಂತೆ ಕಾಪಾಡುತ್ತಿದ್ದದ್ದು ಆ ರಸದ ಟ್ಯಾನಿನ್.

ಹಸಿರು ಅಡಿಕೆಯಲ್ಲಿ ಟ್ಯಾನಿನ್ ಜಾತಿಗೆ ಸೇರಿದ ಪಾಲಿಫಿನಾಲ್ ವಸ್ತುಗಳು, ಒಣ ತೂಕದ ಲೆಕ್ಕದಲ್ಲಿ, ಶೇ. 17ರಿಂದ 30ರವರೆಗೆ ಇರುತ್ತವೆ. ಹಣ್ಣಾದ ಅಡಿಕೆಯಲ್ಲಿ ಇದು ಶೇ. 11ರಿಂದ 18ಕ್ಕೆ ಇಳಿಯುತ್ತದೆ. ಆದ್ದರಿಂದ ಎಳೆಯ ಅಡಿಕೆ ಬೇಯಿಸಿದ ಚೊಗರು ಬಟ್ಟೆಯ ಕೆಲಸಕ್ಕೆ ಉತ್ತಮ. ಸುಗ್ಗಿಯ ಕೊನೆಯಲ್ಲಿ ಬಲಿತ ಅಡಿಕೆಯಿಂದ ಬಂದ ಚೊಗರಿನಲ್ಲಿ ಬಣ್ಣ ಕಂಡರೂ ಹಿಡಿತ ಕಡಿಮೆ.

ಬಟ್ಟೆಗೆ ಆಗುವ ಉಪಯೋಗ

1. ಬಣ್ಣ: ಹತ್ತಿ ಬಟ್ಟೆಗೆ ತಿಳಿಗಂದಿನಿಂದ ಕೆಂಗಂದಿನವರೆಗೆ ಬಣ್ಣ ಬರುತ್ತದೆ. ಪಟಿಕ ಸೇರಿದರೆ ತಿಳಿಯಾದ ಕಂದು, ಅನ್ನಭೇದಿ ಸೇರಿದರೆ ಹಸಿರು ಛಾಯೆಯ ಬೂದು ಅಥವಾ ಕಪ್ಪು ಕಂದು ಬರುತ್ತದೆ. ಸೋಡ ಅಥವಾ ಸುಣ್ಣ ತಗುಲಿದರೆ ಕೆಂಪು ಹೆಚ್ಚುತ್ತದೆ.

2. ಬಿಸಿಲಿನಿಂದ ರಕ್ಷಣೆ: ಟ್ಯಾನಿನ್ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಈ ರಕ್ಷಣೆಯನ್ನು ಒಂದು ಅಂಕಿಯಿಂದ ಹೇಳುವ ಪದ್ಧತಿ ಇದೆ. ಅಂಕಿ 50 ಎಂದರೆ ಬಟ್ಟೆಯ ಮೇಲೆ ಬಿದ್ದ ಕಿರಣಗಳಲ್ಲಿ 50ರಲ್ಲಿ 1 ಭಾಗ ಮಾತ್ರ ಒಳಗೆ ಬರುತ್ತದೆ ಎಂದರ್ಥ. ಬಣ್ಣ ಗಾಢವಾದಷ್ಟೂ, ನೇಯ್ಗೆ ಒತ್ತಾಗಿದ್ದಷ್ಟೂ ರಕ್ಷಣೆ ಹೆಚ್ಚು. ನೇಯ್ಗೆ ಸಡಿಲವಾಗಿದ್ದರೆ ಎಳೆಗಳ ನಡುವಿನ ಕಂಡಿಯಿಂದ ಕಿರಣಗಳು ನುಗ್ಗುತ್ತವೆ. ಅದನ್ನು ಯಾವ ಬಣ್ಣವೂ ತಡೆಯಲಾರದು.

3. ಬ್ಯಾಕ್ಟೀರಿಯ ತಡೆ: ಬ್ಯಾಕ್ಟೀರಿಯದ ಹೊರಪದರದಲ್ಲಿರುವ ಸಸಾರಜನಕಕ್ಕೆ ಟ್ಯಾನಿನ್ ಅಂಟಿಕೊಂಡು ಅದರ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಕಾಲುಚೀಲ, ಬನಿಯನ್, ಟವೆಲ್, ಹಾಸುವಸ್ತ್ರಗಳಿಗೆ ಇದು ಅನುಕೂಲ. ಗಾಯಕ್ಕೆ ಕಟ್ಟುವ ಬಟ್ಟೆಗೆ ಮಾತ್ರ ಮನೆಯಲ್ಲಿ ತಯಾರಿಸಿದ್ದನ್ನು ಬಳಸಲೇಬಾರದು.

4. ಬೇರೆ ಬಣ್ಣಗಳಿಗೆ ತಳಹದಿ: ಹತ್ತಿಯ ನೂಲಿಗೆ ಪಟಿಕ ತಾನಾಗಿ ಸರಿಯಾಗಿ ಹಿಡಿಯುವುದಿಲ್ಲ. ಮೊದಲು ಟ್ಯಾನಿನ್ ಕೂತರೆ ಪಟಿಕ ಅದನ್ನು ಹಿಡಿದು ನಿಲ್ಲುತ್ತದೆ. ಪಟಿಕವನ್ನು ಹಿಡಿದು ಉಳಿದ ಸಸ್ಯ ಬಣ್ಣಗಳು ನಿಲ್ಲುತ್ತವೆ. ಬಣ್ಣಗಾರರು ಹಿಂದಿನಿಂದಲೂ ಅಳಲೆಕಾಯಿಯನ್ನು ಬಳಸುತ್ತಿರುವುದು ಇದೇ ಉದ್ದೇಶಕ್ಕೆ.

ಚೊಗರಿನ ಸಂಗ್ರಹಣೆ

ಬಟ್ಟೆಗೆ ಬೇಕಾದ ಚೊಗರನ್ನು ಅಡಿಕೆಗೆ ಬಳಸುವ ಚೊಗರಿನಿಂದ ಬೇರೆಯಾಗಿಯೇ ತೆಗೆದಿಡಬೇಕು. ಬೇಯಿಸುವಾಗ ಸುಣ್ಣ, ತೊಗಟೆ ಮುಂತಾದವನ್ನು ಸೇರಿಸುವ ರೂಢಿ ಕೆಲವೆಡೆ ಇದೆ. ಹಾಗೆ ಸೇರಿಸಿದ್ದರೆ ಡಬ್ಬದ ಮೇಲೆ ಅದನ್ನು ಬರೆದಿಡಬೇಕು. ಅಂಗಡಿಯ ಬಣ್ಣ ಬೆರೆತ ಚೊಗರು ಈ ಕೆಲಸಕ್ಕೆ ಬಾರದು.

ಬಿಸಿ ಆರಿದ ಮೇಲೆ ಚೊಗರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಎಂದಿಗೂ ತುಂಬಬಾರದು. ಕಬ್ಬಿಣ ತಗುಲಿದ ಕೂಡಲೇ ಚೊಗರು ಕಪ್ಪಾಗುತ್ತದೆ, ಮತ್ತೆ ಕೆಂಪಿಗೆ ತಿರುಗುವುದಿಲ್ಲ. ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆ ಒಳ್ಳೆಯದು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಪೀಪಾಯಿಯನ್ನು ತೊಳೆದು ಬಳಸುವುದೂ ಸರಿಯಲ್ಲ. ಅದರಲ್ಲಿ ಉಳಿದ ಮೈಲುತುತ್ತದ ತಾಮ್ರದ ಅಂಶ ಬಣ್ಣವನ್ನು ಕೆಡಿಸುತ್ತದೆ, ಬಟ್ಟೆಯಲ್ಲೂ ಉಳಿಯುತ್ತದೆ.

ತೆಳು ಚೊಗರು ಕೆಲವೇ ದಿನಗಳಲ್ಲಿ ಬೂಸು ಹಿಡಿದು ಹುಳಿ ವಾಸನೆ ಬರುತ್ತದೆ. ಆದ್ದರಿಂದ ಅಗಲವಾದ ತಟ್ಟೆಗಳಲ್ಲಿ ಹಾಕಿ ಬಿಸಿಲಿನಲ್ಲಿ ಮಂದ ಮಾಡಿ, ಸಾಧ್ಯವಾದರೆ ಹೆಪ್ಪಿನಂತೆ ಪೂರ್ತಿ ಒಣಗಿಸಿ ಡಬ್ಬದಲ್ಲಿ ಮುಚ್ಚಿಡುವುದು ಮೇಲು. ಸಾಗಣೆಯ ದೃಷ್ಟಿಯಿಂದಲೂ ಇದು ಲಾಭಕರ. 100 ಲೀಟರ್ ಚೊಗರಿನಲ್ಲಿ 10 ಕಿ.ಗ್ರಾಂ. ಘನಾಂಶ ಇದ್ದರೆ ಉಳಿದದ್ದೆಲ್ಲ ಬರೀ ನೀರು. ನೀರಿಗೆ ಲಾರಿ ಬಾಡಿಗೆ ತೆರುವುದರಲ್ಲಿ ಅರ್ಥವಿಲ್ಲ.

ಗಟ್ಟಿತನ ಅಳೆಯುವ ವಿಧಾನ

ಒಂದು ಮನೆಯ ಚೊಗರು ಇನ್ನೊಂದು ಮನೆಯ ಚೊಗರಿನಂತೆ ಇರುವುದಿಲ್ಲ. ಕಣ್ಣಿನ ಅಂದಾಜಿನ ಮೇಲೆ ಬಣ್ಣ ಹಾಕಿದರೆ ಒಂದೇ ಸೀರೆಯ ಎರಡು ಲಡಿ ನೂಲು ಎರಡು ಬಣ್ಣವಾಗುತ್ತದೆ. ಇದನ್ನು ತಪ್ಪಿಸಲು ಸರಳ ಉಪಾಯವಿದೆ. ಒಂದು ತಟ್ಟೆಯನ್ನು ತೂಗಿ, ಅದರಲ್ಲಿ ಸೋಸಿದ ಚೊಗರನ್ನು 100 ಮಿ.ಲೀ. ಅಳೆದು ಹಾಕಿ, ಪೂರ್ತಿ ಒಣಗಿದ ಮೇಲೆ ಮತ್ತೆ ತೂಗಬೇಕು. ಹೆಚ್ಚಾದ ತೂಕವೇ ಘನಾಂಶ.

1 ಕಿ.ಗ್ರಾಂ. ಹತ್ತಿ ಬಟ್ಟೆಗೆ 200 ಗ್ರಾಂ ಘನಾಂಶ ಬೇಕೆಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ:

100 ಮಿ.ಲೀ.ಗೆ 5 ಗ್ರಾಂ ಇದ್ದರೆ – 4 ಲೀಟರ್ ಚೊಗರು
100 ಮಿ.ಲೀ.ಗೆ 10 ಗ್ರಾಂ ಇದ್ದರೆ – 2 ಲೀಟರ್ ಚೊಗರು
100 ಮಿ.ಲೀ.ಗೆ 20 ಗ್ರಾಂ ಇದ್ದರೆ – 1 ಲೀಟರ್ ಚೊಗರು

ಘನಾಂಶವೆಲ್ಲವೂ ಟ್ಯಾನಿನ್ ಅಲ್ಲ. ಸಕ್ಕರೆ ಮುಂತಾದ ಇತರ ವಸ್ತುಗಳೂ ಅದರಲ್ಲಿ ಸೇರಿರುತ್ತವೆ. ಆದರೂ ಒಂದೇ ಹದದ ಅಡಿಕೆಯಿಂದ ಬಂದ ಚೊಗರುಗಳನ್ನು ಹೋಲಿಸಲು ಈ ಅಳತೆ ಸಾಕು. ಪ್ರತಿ ಡಬ್ಬದ ಮೇಲೆ ಬೇಯಿಸಿದ ದಿನ, ಅಡಿಕೆಯ ಹದ ಮತ್ತು ಘನಾಂಶವನ್ನು ಬರೆದಿಟ್ಟರೆ ಕೊಳ್ಳುವವರಿಗೆ ಭರವಸೆ ಬರುತ್ತದೆ.

ಬಟ್ಟೆಗೆ ಹಾಕುವ ವಿಧಾನ

ಕೆಳಗಿನ ಪ್ರಮಾಣ 1 ಕಿ.ಗ್ರಾಂ. ಹತ್ತಿ ಬಟ್ಟೆ ಅಥವಾ ನೂಲಿಗೆ.

ಮೊದಲ ಹಂತ – ಶುದ್ಧಿ: ಕೋರಾ ಬಟ್ಟೆಯಲ್ಲಿ ಗಂಜಿ ಮತ್ತು ಮೇಣದ ಅಂಶ ಇರುತ್ತದೆ. 20 ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡ ಮತ್ತು 25 ಗ್ರಾಂ ಸಾಬೂನು ಹಾಕಿ ಒಂದು ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಬೇಕು. ಬಟ್ಟೆಯ ಮೇಲೆ ನೀರಿನ ಹನಿ ಬಿಟ್ಟರೆ ಕೂಡಲೇ ಹೀರಿಕೊಳ್ಳಬೇಕು. ಹನಿ ಗುಂಡಾಗಿ ನಿಂತರೆ ಇನ್ನೊಮ್ಮೆ ಕುದಿಸಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ಮುಂದೆ ಬಣ್ಣ ತೇಪೆ ತೇಪೆಯಾಗುವುದು ಖಂಡಿತ.

ಎರಡನೆಯ ಹಂತ – ಚೊಗರು: 200 ಗ್ರಾಂ ಘನಾಂಶವಿರುವ ಚೊಗರಿಗೆ ನೀರು ಸೇರಿಸಿ 20 ಲೀಟರ್ ಮಾಡಬೇಕು. ಒದ್ದೆ ಬಟ್ಟೆಯನ್ನು ಇದರಲ್ಲಿ ಮುಳುಗಿಸಿ, 60ರಿಂದ 70 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ಗಂಟೆ ಕಾಲ ಮೇಲೆ ಕೆಳಗೆ ಮಾಡುತ್ತಿರಬೇಕು. ಒಲೆಯಿಂದ ಇಳಿಸಿ ರಾತ್ರಿಯೆಲ್ಲ ಅದರಲ್ಲೇ ಬಿಡಬೇಕು. ಬಟ್ಟೆ ನೀರಿನಿಂದ ಮೇಲೆ ತೇಲದಂತೆ ಕಲ್ಲಿನ ಭಾರ ಇಡಬಹುದು.

ಮೂರನೆಯ ಹಂತ – ಪಟಿಕ: ಬಣ್ಣವನ್ನು ನೂಲಿಗೆ ಕಟ್ಟಿಹಾಕುವ ವಸ್ತುವಿಗೆ ವರ್ಣಬಂಧಕ ಎಂದು ಹೆಸರು. ಇಲ್ಲಿ ಪಟಿಕವೇ ವರ್ಣಬಂಧಕ. 100 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, 10 ಗ್ರಾಂ ವಾಷಿಂಗ್ ಸೋಡವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ನೊರೆ ಉಕ್ಕುವುದರಿಂದ ದೊಡ್ಡ ಪಾತ್ರೆ ಬೇಕು. ನೊರೆ ಇಳಿದ ಮೇಲೆ ನೀರು ಸೇರಿಸಿ 20 ಲೀಟರ್ ಮಾಡಬೇಕು. ಚೊಗರಿನಿಂದ ತೆಗೆದ ಬಟ್ಟೆಯನ್ನು ಜಾಲಿಸದೆ, ಹಿಂಡಿ, ಈ ದ್ರಾವಣದಲ್ಲಿ ಒಂದು ಗಂಟೆ ಬೆಚ್ಚಗೆ ನೆನೆಸಬೇಕು. ಗಾಢ ಬಣ್ಣ ಬೇಕಾದರೆ ಜಾಲಿಸಿ ಮತ್ತೊಮ್ಮೆ ಚೊಗರಿನಲ್ಲಿ ಅದ್ದಬಹುದು.

ನಾಲ್ಕನೆಯ ಹಂತ – ಬೂದು ಅಥವಾ ಕಪ್ಪು ಬೇಕಾದವರಿಗೆ: 10 ಗ್ರಾಂ ಅನ್ನಭೇದಿಯನ್ನು ಬೇರೆ ಪಾತ್ರೆಯಲ್ಲಿ 20 ಲೀಟರ್ ನೀರಿಗೆ ಕರಗಿಸಿ, ಬಟ್ಟೆಯನ್ನು 10ರಿಂದ 15 ನಿಮಿಷ ಆಡಿಸಿ ತೆಗೆಯಬೇಕು. ಕಪ್ಪು ಹೆಚ್ಚಲೆಂದು ಅನ್ನಭೇದಿಯನ್ನು ಹೆಚ್ಚಿಸಬಾರದು. ಕಬ್ಬಿಣದ ಅಂಶ ಮಿತಿಮೀರಿದರೆ ನೂಲು ಜೀರ್ಣವಾಗಿ, ಬಟ್ಟೆ ಮಡಿಕೆಯಲ್ಲಿ ಹರಿಯುತ್ತದೆ. ಆಂಧ್ರಪ್ರದೇಶದ ಶ್ರೀಕಾಳಹಸ್ತಿಯ ಕಲಂಕಾರಿ ಕುಶಲಕರ್ಮಿಗಳು ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ಹುದುಗಿಸಿ ಕಪ್ಪು ಬಣ್ಣಕ್ಕೆ ಬಳಸುತ್ತಾರೆ. ಊರಿನ ಕುಲುಮೆಯ ಗುಜರಿ ಚೂರುಗಳಿಂದಲೂ ಇದನ್ನು ಮಾಡಬಹುದು. ಎಣ್ಣೆ ಜಿಡ್ಡಿನ ಚೂರು ಮಾತ್ರ ಬೇಡ. ಆದರೆ ಈ ನೀರಿನ ಸತ್ವ ಒಂದೊಂದು ಸಲ ಒಂದೊಂದು ರೀತಿ ಇರುವುದರಿಂದ, ಮಾರಾಟದ ಬಟ್ಟೆಗೆ ತೂಗಿ ಹಾಕುವ ಅನ್ನಭೇದಿಯೇ ಸರಿ.

ಕೊನೆಯ ಹಂತ: ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ, ಎರಡು ಮೂರು ದಿನ ಹಾಗೆಯೇ ಇಟ್ಟು, ನಂತರ ಸೌಮ್ಯವಾದ ಸಾಬೂನಿನಲ್ಲಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಹಿಡಿಯದೆ ಉಳಿದ ಬಣ್ಣ ಮತ್ತು ನೀರಿನಲ್ಲಿ ಕರಗುವ ಅರೆಕೋಲಿನ್ ಮುಂತಾದ ಅಡಿಕೆಯ ಅಂಶಗಳು ಹೊರಟುಹೋಗಲು ಈ ಒಗೆತ ಅವಶ್ಯಕ. ಕೆಲಸ ಮಾಡುವವರು ಕೈಗವಸು ಹಾಕಿಕೊಳ್ಳಬೇಕು. ಅಡುಗೆಯ ಪಾತ್ರೆಗಳನ್ನು ಬಳಸಬಾರದು.

ರೇಷ್ಮೆ ಮತ್ತು ಉಣ್ಣೆಯೂ ಸಸಾರಜನಕದಿಂದ ಆದವು. ಅವುಗಳಿಗೆ ಚೊಗರು ಬೇಗ ಹಿಡಿಯುವುದರಿಂದ ಅರ್ಧ ಪ್ರಮಾಣ ಸಾಕು. ಸೋಡ ಹಾಕಿ ಕುದಿಸಬಾರದು. ಚೊಗರು ಹೆಚ್ಚಾದರೆ ರೇಷ್ಮೆ ಬಿರುಸಾಗುತ್ತದೆ.

ಬಣ್ಣ ನಿಂತಿದೆಯೇ? ಮನೆಯಲ್ಲೇ ಪರೀಕ್ಷೆ

ಪ್ರತಿ ಬಾರಿ ಬಣ್ಣ ಹಾಕಿದಾಗ ಅದೇ ಬಟ್ಟೆಯಿಂದ ಅಂಗೈ ಅಗಲದ ಮೂರು ತುಂಡು ಕತ್ತರಿಸಿಡಬೇಕು.

ಮೊದಲನೆಯ ತುಂಡಿಗೆ ಬಿಳಿ ಬಟ್ಟೆಯ ಚೂರನ್ನು ಹೊಲಿದು, ಮನೆಯಲ್ಲಿ ಬಳಸುವ ಸಾಬೂನಿನಲ್ಲೇ ಐದು ಸಲ ಒಗೆಯಬೇಕು. ಬಿಳಿ ಚೂರಿಗೆ ಬಣ್ಣ ಹತ್ತಿದರೆ ಜಾಲಿಸಿದ್ದು ಸಾಲದು. ತುಂಡೇ ಮಾಸಿದರೆ ವರ್ಣಬಂಧಕ ಸರಿಯಾಗಿ ಹಿಡಿದಿಲ್ಲ. ಎರಡನೆಯ ತುಂಡಿನ ಅರ್ಧವನ್ನು ರಟ್ಟಿನಿಂದ ಮುಚ್ಚಿ ಹತ್ತು ದಿನ ಬಿಸಿಲಿನಲ್ಲಿಟ್ಟು, ರಟ್ಟು ತೆಗೆದು ಎರಡು ಭಾಗಗಳನ್ನು ಹೋಲಿಸಬೇಕು. ಮೂರನೆಯದನ್ನು ಕತ್ತಲಲ್ಲಿ ಇಟ್ಟುಕೊಂಡು ಉಳಿದೆರಡನ್ನು ಅದರ ಜೊತೆ ನೋಡಬೇಕು. ಈ ತುಂಡುಗಳನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಅಂಟಿಸಿಟ್ಟರೆ, ಅದೇ ಬಣ್ಣವನ್ನು ಮುಂದಿನ ವರ್ಷ ಮತ್ತೆ ತರಲು ದಾರಿಯಾಗುತ್ತದೆ.

ಪ್ರಯೋಗಾಲಯದಲ್ಲಿ ಒಗೆತಕ್ಕೆ ಬಣ್ಣ ನಿಲ್ಲುವುದನ್ನು 1ರಿಂದ 5ರವರೆಗೆ, ಬೆಳಕಿಗೆ ನಿಲ್ಲುವುದನ್ನು 1ರಿಂದ 8ರವರೆಗೆ ಅಂಕಿ ಕೊಟ್ಟು ಹೇಳುತ್ತಾರೆ. ಅಂಕಿ ಹೆಚ್ಚಾದಷ್ಟೂ ಉತ್ತಮ. ‘ಬ್ಯಾಕ್ಟೀರಿಯ ನಿರೋಧಕ’, ‘ಅತಿನೇರಳೆ ಕಿರಣ ನಿರೋಧಕ’ ಎಂಬ ಚೀಟಿ ಅಂಟಿಸಿ ಮಾರುವುದಾದರೆ ಪ್ರಯೋಗಾಲಯದ ವರದಿ ಕೈಯಲ್ಲಿರಲೇಬೇಕು. ಅದೂ ಹೊಸ ಬಟ್ಟೆಯ ವರದಿಯಷ್ಟೇ ಸಾಲದು, ಹಲವು ಬಾರಿ ಒಗೆದ ಬಟ್ಟೆಯ ವರದಿಯೂ ಬೇಕು.

ದಾಳಿಂಬೆ ಸಿಪ್ಪೆ ಮತ್ತು ಬಾಳೆ ದಿಂಡಿನ ರಸ

ಅಡಿಕೆ ಇಲ್ಲದ ಬಯಲುಸೀಮೆಯಲ್ಲೂ ಟ್ಯಾನಿನ್ ದೊರೆಯುತ್ತದೆ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗ ಜಿಲ್ಲೆಗಳ ದಾಳಿಂಬೆಯ ಸಿಪ್ಪೆ ಇದಕ್ಕೆ ತಕ್ಕುದು. ರಸ ತೆಗೆಯುವ, ಕಾಳು ಬಿಡಿಸುವ ಕಡೆಗಳಲ್ಲಿ ಸಿಪ್ಪೆ ರಾಶಿಯಾಗಿ ಉಳಿಯುತ್ತದೆ. ಅದನ್ನು ಬೂಸು ಹಿಡಿಯುವ ಮುನ್ನ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ ಸೋಸಿದರೆ ಹಳದಿ ಕಂದು ರಸ ಬರುತ್ತದೆ. ಬಳಸುವ ವಿಧಾನ ಚೊಗರಿನದೇ. ಇದರ ಟ್ಯಾನಿನ್ ಬೇರೆ ಜಾತಿಯದು. ಆದ್ದರಿಂದ ಪಟಿಕದೊಡನೆ ಹಳದಿಯೂ ಅನ್ನಭೇದಿಯೊಡನೆ ನೀಲಿ ಛಾಯೆಯ ಬೂದು ಅಥವಾ ಕಪ್ಪು ಬಣ್ಣವೂ ಬರುತ್ತದೆ.

ಬಾಳೆ ದಿಂಡಿನಿಂದ ನಾರು ತೆಗೆಯುವಾಗ ಸುರಿದುಹೋಗುವ ರಸವೂ ಬಟ್ಟೆಗೆ ಉಪಯುಕ್ತವೆಂದು ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2010ರ ದಶಕದಲ್ಲಿ ಪ್ರಕಟಿಸಿದ ಸಂಶೋಧನೆಗಳಲ್ಲಿ ತೋರಿಸಿದ್ದಾರೆ. ಟ್ಯಾನಿನ್ ಮತ್ತು ಪಟಿಕ ಹಿಡಿಸಿದ ಹತ್ತಿ ಬಟ್ಟೆಗೆ ಕ್ಷಾರಗೊಳಿಸಿದ ಬಾಳೆ ರಸವನ್ನು ಹಾಕಿದಾಗ ಬಟ್ಟೆ ಬೆಂಕಿಗೆ ಬೇಗ ಆಹುತಿಯಾಗಲಿಲ್ಲ. ಬಟ್ಟೆ ಉರಿಯುತ್ತಿರಲು ಗಾಳಿಯಲ್ಲಿ ಕನಿಷ್ಠ ಎಷ್ಟು ಆಮ್ಲಜನಕ ಇರಬೇಕೆಂಬುದನ್ನು ಅಳೆದು ಇದನ್ನು ಹೇಳುತ್ತಾರೆ. ಸಾದಾ ಹತ್ತಿಗೆ ಶೇ. 18 ಸಾಕು. ಬಾಳೆ ರಸ ಹಿಡಿದ ಬಟ್ಟೆಗೆ ಶೇ. 30 ಬೇಕಾಯಿತು. ಗಾಳಿಯಲ್ಲಿ ಇರುವ ಆಮ್ಲಜನಕ ಶೇ. 21 ಮಾತ್ರ. ಆದ್ದರಿಂದ ಅಂಥ ಬಟ್ಟೆ ಜ್ವಾಲೆಯೆದ್ದು ಉರಿಯುವುದಿಲ್ಲ. ರಸದಲ್ಲಿರುವ ಖನಿಜ ಲವಣಗಳು ಇದಕ್ಕೆ ಕಾರಣ. ಆದರೆ ಲವಣಗಳು ನೀರಿಗೆ ಕರಗುವಂಥವು. ಪರದೆ, ಡೇರೆಯ ಒಳಬಟ್ಟೆಗಳಂಥ, ಪದೇ ಪದೇ ಒಗೆಯದ ವಸ್ತುಗಳಿಗೆ ಇದನ್ನು ಯೋಚಿಸಬಹುದು. ಒಲೆಯ ಮುಂದೆ ಉಡುವ ಬಟ್ಟೆಗೆ ಮನೆಯಲ್ಲೇ ಇದನ್ನು ಮಾಡಿಕೊಂಡು ನೆಚ್ಚಿಕೊಳ್ಳುವುದು ಅಪಾಯಕರ.

ಉಳಿದ ನೀರಿನ ವಿಲೇವಾರಿ

ಚೊಗರು ಹಳ್ಳಕ್ಕೆ ಸೇರಿದರೆ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನುಗಳಿಗೆ ಹಾನಿ. ಅದನ್ನು ತಪ್ಪಿಸಲು ಹೊರಟು, ಪಟಿಕ ಮತ್ತು ಅನ್ನಭೇದಿ ಬೆರೆತ ನೀರನ್ನು ಅದೇ ಹಳ್ಳಕ್ಕೆ ಬಿಟ್ಟರೆ ಸಾಧಿಸಿದ್ದೇನೂ ಇಲ್ಲ. ಬಣ್ಣದ ನೀರನ್ನು ಘನಾಂಶ ನೋಡಿ, ಕಡಿಮೆಯಾದಷ್ಟು ಚೊಗರು ಸೇರಿಸಿ, ಎರಡು ಮೂರು ಸಲ ಬಳಸಬಹುದು. ಕೊನೆಗೆ ಚೊಗರಿನ ನೀರು ಮತ್ತು ಪಟಿಕದ ನೀರು ಎರಡನ್ನೂ ಒಂದೇ ತೊಟ್ಟಿಗೆ ಹಾಕಿ, ಹುಳಿ ಹೋಗುವಷ್ಟು ಸುಣ್ಣದ ತಿಳಿನೀರು ಕಲಸಿ ಒಂದು ದಿನ ಬಿಡಬೇಕು. ಟ್ಯಾನಿನ್ ಮತ್ತು ಪಟಿಕ ಹೆಪ್ಪುಗಟ್ಟಿ ತಳಕ್ಕೆ ಕೂರುತ್ತವೆ. ಮೇಲಿನ ತಿಳಿಯನ್ನು ಬಾವಿ, ಹಳ್ಳಗಳಿಂದ ದೂರದ ಇಂಗುಗುಂಡಿಗೆ ಬಿಡಬೇಕು. ತಳದ ಗಸಿಯನ್ನು ಒಣಗಿಸಿ ಹೂಳಬೇಕು. ಗಸಿಯನ್ನು ಗೊಬ್ಬರದ ಗುಂಡಿಗಾಗಲಿ ತೋಟಕ್ಕಾಗಲಿ ಹಾಕಬಾರದು.

ಲಾಭ-ನಷ್ಟದ ವಿಚಾರ

ಚೊಗರು ಪುಕ್ಕಟೆ ಸಿಕ್ಕರೂ ಸೋಸುವ, ಒಣಗಿಸುವ ಕೂಲಿ, ಪಾತ್ರೆ, ಸಾಗಣೆ ಪುಕ್ಕಟೆಯಲ್ಲ. ಕೊಳ್ಳುವವರು ಯಾರು, ಯಾವ ಹದದಲ್ಲಿ, ಎಷ್ಟು ಬೇಕು ಎಂದು ಸುಗ್ಗಿಗೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಒಬ್ಬ ಬೆಳೆಗಾರನ ಚೊಗರು ಕೊಡಗಳ ಲೆಕ್ಕದ್ದು. ಹತ್ತಾರು ಮನೆಯವರು ಅಥವಾ ಕೇಣಿ ಹಿಡಿದು ಒಂದೇ ಕಡೆ ಬೇಯಿಸುವವರು ಕೂಡಿದರೆ ಒಂದೇ ಹದದ ಸರಕು ಸಾಕಷ್ಟು ಸಿಗುತ್ತದೆ. ಬಣ್ಣ ಹಾಕುವ ಕೆಲಸವನ್ನು ಗ್ರಾಮದ ಮಹಿಳಾ ಸ್ವಸಹಾಯ ಸಂಘಗಳು ವಹಿಸಿಕೊಳ್ಳಬಹುದು.

ಅಗಿಯುವ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಅಗಿಯುವುದರ ಹೊರತಾಗಿ ಅಡಿಕೆಗೆ ಬೇರೆ ಯಾವ ಉಪಯೋಗ ಉಂಟು ಎಂಬ ಪ್ರಶ್ನೆ ಅಂದಿನಿಂದ ಬೆಳೆಗಾರರ ಮುಂದಿದೆ. ಚೊಗರಿನ ಬಣ್ಣ ಒಂದೇ ಆ ಪ್ರಶ್ನೆಗೆ ಪೂರ್ಣ ಉತ್ತರವಾಗಲಾರದು. ಆದರೆ ಉತ್ತರ ಹುಡುಕುವ ದಾರಿಯಲ್ಲಿ, ಕೈಗೆ ಎಟುಕುವ ಮೊದಲ ಮೆಟ್ಟಿಲು ಇದು.

ನೆನಪಿಡಬೇಕಾದ ಅಂಶಗಳು

1. ಎಳೆ ಅಡಿಕೆಯ ಚೊಗರನ್ನು ಆರಿಸಿ, ಸೋಸಿ, ಮಂದ ಮಾಡಿ ಇಡಬೇಕು.
2. ಕಬ್ಬಿಣದ ಡ್ರಮ್ಮು, ಬೋರ್ಡೋ ದ್ರಾವಣದ ಪೀಪಾಯಿ ಬಳಸಬಾರದು.
3. ಘನಾಂಶ ತೂಗದೆ ಬಣ್ಣ ಹಾಕಬಾರದು.
4. ಹತ್ತಿಗೆ ಮೊದಲು ಚೊಗರು, ಆಮೇಲೆ ಪಟಿಕ.
5. ಅನ್ನಭೇದಿ 1 ಕಿ.ಗ್ರಾಂ. ಬಟ್ಟೆಗೆ 10 ಗ್ರಾಂ ಮೀರಬಾರದು.
6. ಐದು ಒಗೆತದ ಪರೀಕ್ಷೆ ಗೆಲ್ಲದ ಬಟ್ಟೆಯನ್ನು ಮಾರಬಾರದು.
7. ಉಳಿದ ನೀರನ್ನು ಹಳ್ಳಕ್ಕೆ ಬಿಡಬಾರದು.

ಆಸಕ್ತ ರೈತರು ಮತ್ತು ಸಂಘಗಳು ಮೊದಲ ವರ್ಷ ಒಂದೆರಡು ಕಿ.ಗ್ರಾಂ. ಬಟ್ಟೆಗಷ್ಟೇ ಬಣ್ಣ ಹಾಕಿ, ತುಂಡುಗಳನ್ನು ಪರೀಕ್ಷಿಸಿ, ಆ ನಂತರವೇ ಕೆಲಸವನ್ನು ವಿಸ್ತರಿಸುವುದು ಜಾಣತನ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯವನ್ನು ಸಂಪರ್ಕಿಸುವಾಗ ಬಣ್ಣ ಹಾಕಿದ ತುಂಡುಗಳ ಪುಸ್ತಕವನ್ನೂ ಚೊಗರಿನ ಮಾದರಿಯನ್ನೂ ಜೊತೆಗೆ ಒಯ್ದರೆ ತಜ್ಞರಿಗೆ ಸಲಹೆ ಕೊಡಲು ಅನುಕೂಲವಾಗುತ್ತದೆ.